ಕುಣಿಮಗ್ಗ

ಮೂರು ತಿಂಗಳಾಗಿತ್ತು ಕುಣಿಯೊಳಗ ಕಾಲು ಇಳಿಬಿಟ್ಟು.
ಸೀರಿಗೆ ನಲವತ್ತು ರೂಪಾಯಿ ಕಡಿಮಿ ಅಂದಿದ್ದ ಮಾಲಕ,
ಹಂಗಾರ ನಿನ್ನ ಹಾಸು ನೀನ ನೇಯ್ಕೊ ಅಂದಿದ್ದೆ ನಾ.
ಮಾತು ಅಲ್ಲಿಗೇ ಹರೀತು. ನೂಲಾಗಿದ್ದರ
ಗಂಟು ಹಾಕಬಹುದಿತ್ತು.

ನಾದಿನಿ ಖಾನಾವಳಿಯೊಳಗ ಖಾರ ಅರಕೋತ ಇದ್ದೆ.
ಇತ್ತ ಬೆಟಗೇರಿ ಮನಿಯೊಳಗ, ಖಾಲಿ ಮಗ್ಗದ ಕೆಳಗ,
ನಮ್ಮ ಕಂಡಿಕಿ ನಾಕು ಮರಿ ಹಾಕಿತು.
ಸಣ್ಣದಿದ್ದಾಗ ಕಂಡಿಕಿ ಕದ್ದು ಓಣಿ ತುಂಬ
ಕೆಂಪು ರೇಶ್ಮಿ ಎಳದಾಡಿದ ಬೆಕ್ಕು ಅದು.
ಹೆಸರು ಇಟ್ಟಾಕಿ ಮಗಳು ಸುಮನ, ಬೈದಾಕಿ ನಾನು.
ಮರಿ ಕಣ್ಣು ಬಿಟ್ಟ ಮ್ಯಾಲೆ ಒಂದೊಂದೇ ಕಚ್ಚಿ ಅಟ್ಟಕ್ಕ ಒಯ್ದು
ಕುಣಿ ಮತ್ತ ಖಾಲಿ ಮಾಡಿತು. ಹಂಗಂತ ತಿಳಿದಿದ್ವಿ.

ಒಂದಿನ ಮಾಲಕನ ಹುಡುಗ ಬಂದ,
ಹೊಸ ಹಾಸು ಹೆಗಲಮ್ಯಾಲೆ, ಹೊಸ ಮಾತು ಬಾಯೊಳಗ.
ನಲವತ್ತರಾಗ ಇಪ್ಪತ್ತು ಅವರು ಬಿಟ್ಟರು,
ಇಪ್ಪತ್ತು ನಾ ನುಂಗಿದೆ.
ಎಳಿ ಕೂಡಿಸಿ, ಕುಣಿಗೆ ಇಳದು,
ಕಾಲ್ಮಣಿ ಒಂದ ಸಲ ತುಳದೆ ನೋಡು,
ಹಂಚಿನ ಮ್ಯಾಲಿನ ಎಳ್ಳಿನಂಗ
ಚಟಪಟ ಸಿಡದು ಮೀನಖಂಡಕ್ಕ ಏರಿದವು ಚಿಗಟ.

ಬೇವಿನ ತಪ್ಪಲ ಹೊಗಿ ಹಾಕಿದೆ. ಕೆಮ್ಮಿದ್ದು ನಾವು.
ಕುದಿನೀರು ಸುರದೆ. ಕುಣಿ ಗ್ವಾಡಿ ಮಣ್ಣು ಕುಸೀತು.
ಎದುರುಮನಿ ಅಂಬೂಬಾಯಿ
ತನ್ನ ನಾಯಿಗೆ ಹಾಕೂ ಪುಡಿ ಡಬ್ಬಿ ಕೊಟ್ಟಳು.
ಮೊಲಿ ಕುಡಿಸೂ ಜೀವ, ತಡಿ, ಅಂದ ಸುಮನ
ಬೆಕ್ಕು, ಡಬ್ಬಿ, ನನ್ನ, ಮೂರನ್ನೂ ಎಳಕೊಂಡು
ದನದ ದವಾಖಾನಿಗೆ ನಡದಳು.

ಡಾಕ್ಟರು ಎಳೇ ಹುಡುಗಿ, ಕೈತುಂಬ ಪರಚಿದ ಗೆರಿ.
ಡಬ್ಬಿ ಓದಿ ಕಸದಬುಟ್ಟಿಗೆ ಒಗದಳು.
ನಾಯಿದು ಬೆಕ್ಕಿಗೆ ವಿಷ, ಅಂದಳು.
ತಾಯಿಗೆ ಹನಿ ಔಷಧ, ಕುತ್ತಿಗಿ ಹಿಂದ, ನಾಲಿಗಿ ನಿಲುಕದಲ್ಲಿ.
ಮರಿಗೆ ಬರೇ ಸಣ್ಣ ಹಲ್ಲಿನ ಹಣಿಗಿ.
ಆಮ್ಯಾಲೆ ನನ್ನ ಕಡೆ ತಿರುಗಿ ಕೇಳಿದಳು:
ಮನಿಯೊಳಗ ಭಾಳ ದಿನ ಯಾರೂ ತುಳೀದ ಜಾಗ ಯಾವುದು?

ಧೂಳಿನಾಗ ಹುಳ ಆಗಿ ಹರದಾಡಿ
ರೇಶ್ಮಿ ಉಗುಳಿ ತಮ್ಮ ಗೂಡು ತಾವ ನೇಯ್ಕೊಂತಾವಂತ.
ತಿಂಗಳಗಟ್ಟಲೆ ಅದರಾಗ ಮಲಗತಾವಂತ.
ಹೊಗಿ ಮುಟ್ಟಂಗಿಲ್ಲ, ಪುಡಿ ಮುಟ್ಟಂಗಿಲ್ಲ.
ನೆಲ ನಡುಗಿತಂದರ, ಬೆಚ್ಚನ್ನ ಉಸಿರು ತಾಗಿತಂದರ
ಹೊರಗ ಹಾರತಾವಂತ.

ಅಷ್ಟು ತುರಿಕಿಯೊಳಗೂ ನಗಿ ಬಂತು ನನಗ.
ನಮ್ಮ ಕಸಬಿನವ!
ಹಂಗಾರ ಏನ್ ಮಾಡ್ಲಿ ಡಾಕ್ಟರಬಾಯಾರ?
ನೇಯಿರಿ, ಅಂದಳು. ದಿನಾ ತುಳೀರಿ.
ಏಳೂವೆಲ್ಲ ಏಳಲಿ. ಎದ್ದದ್ದನ್ನ ಹಿಡೀರಿ.

ಸುಮನನ ಶಾಲಿ ಕಾಲದ ಬಿಳೇ ಸಾಕ್ಸು
ಮೊಣಕಾಲತನಕ ಏರಿಸಿ ಕುಂತೆ.
ಪರೇಡಿಗೆ ಹೊಂಟಾಳ, ಅಂದ ನಮ್ಮ ಮೋತೀಲಾಲಸಾ.
ಲಾಳಿ ಅತ್ತ ಒಗದು ಇತ್ತ ಹಿಡದು,
ನಡುನಡುವ ಬಗ್ಗಿ
ಬಿಳುಪಿನ ಮ್ಯಾಲಿನ ಕರೇ ಚುಕ್ಕಿ ಚಿವುಟಿ
ಸಾಬಾನ ನೀರಿಗೆ.
ರಾತ್ರಿ ಕುಣಿಯೊಳಗ ತಾಟು ತುಂಬ ಅದೇ ನೀರು,
ಮ್ಯಾಲೊಂದು ಸಣ್ಣ ಬಲ್ಬು.
ಮುಂಜಾನೆ ಎದ್ದು ಮೊದಲ ಎಣಿಕಿ, ಆಮ್ಯಾಲೆ ಚಹಾ.
ಅರವತ್ತೊಂದು. ನಲವತ್ತು. ಮತ್ತ ಐವತ್ತು, ಯಾಕೋ.
ಸೆರಗು ಮುಗಿಯೂ ಹೊತ್ತಿಗೆ ಒಂಬತ್ತು.

ಎರಡನೇ ಸೀರಿ ಕೊಯ್ದ ದಿನ
ಮಾಲಕನ ಹುಡುಗ ಕುಣಿ ದಂಡಿಗೇ ಕುಂತು
ಅಂಚು ನೋಡಿದ, ಬೆಳಕಿಗೆ ಹಿಡದ,
ರೊಕ್ಕ ಎರಡೆರಡು ಸಲ ಎಣಿಸಿ ಕೊಟ್ಟ.
ಹೋಗೂ ಮುಂದ ಹೊಸಲಿನ್ಯಾಗ ನಿಂತು
ಒಂದು ಕಾಲಿಂದ ಇನ್ನೊಂದು ಕಾಲು ಕೆರಕೊಂಡ.

ನಾ ಏನೂ ಹೇಳಲಿಲ್ಲ.
ಇಪ್ಪತ್ತು ರೂಪಾಯಿ ಇನ್ನೂ ಬಾಕಿ ಐತೆಲ್ಲ.