ರಾಟೆ ಲೆಕ್ಕ

"ರಾಟೆಯ ಮೇಲೆ ಹಾಯ್ದ ದಾರಕ್ಕೆ
ದ್ರವ್ಯರಾಶಿ ಇಲ್ಲವೆಂದು ಭಾವಿಸಿ."
ಶಿಡ್ಲಘಟ್ಟದ ಡಿಗ್ರಿ ಕಾಲೇಜು, ಮೊದಲ ಪಿರಿಯಡ್ಡು,
ಕೈಯಲ್ಲಿ ಮುರಿದ ಸೀಮೆಸುಣ್ಣ.

ಮೂರನೇ ಬೆಂಚಿನಲ್ಲಿ ನಗೀನಾ ನಕ್ಕಳು.
"ಏನಮ್ಮ?"

"ಅಂಥ ದಾರ ಎಲ್ಲಿ ಸಿಗುತ್ತೆ, ಸಾರ್?
ಒಂದು ಗೂಡು ಬಿಚ್ಚಿದರೆ ಹತ್ತಿರ ಹತ್ತಿರ ಕಿಲೋಮೀಟರು,
ಉಸಿರು ಬಿಟ್ಟರೆ ಹಾರುತ್ತೆ.
ಆದರೂ ಸಂಜೆ ತಕ್ಕಡಿ ಮುಂದೆ
ಒಂದು ಗ್ರಾಮಿಗೆ ನಮ್ಮ ಅಬ್ಬಾ ಜಗಳಕ್ಕೆ ನಿಲ್ತಾರೆ."

ಕ್ಲಾಸು ಗೊಳ್ಳೆಂದಿತು. ನಾನೂ.

ಬೆಲ್ಲಾದ ಮೇಲೆ ಲೆಕ್ಕ ತೋರಿಸಲು ಬಂದಳು.
ಎಳೆತ ಸರಿ, ವೇಗೋತ್ಕರ್ಷ ಸರಿ,
ಏಕಮಾನವನ್ನೂ ಮರೆತಿಲ್ಲ.
ಹಾಳೆ ಹಿಡಿದ ಬೆರಳು ಮಾತ್ರ
ಬೆಂದು ಬೆಳ್ಳಗೆ, ಸುಕ್ಕು ಸುಕ್ಕು:
ನಸುಕಿನಿಂದ ಕುದಿನೀರಿನ ತೊಟ್ಟಿಯಲ್ಲಿ
ಎಳೆಯ ತುದಿ ಹುಡುಕಿದ್ದು.

ಟಿಕ್ ಹಾಕಿದೆ.

ಉಷ್ಣದ ಪಾಠ ಶುರುವಾಗಲು
ಇನ್ನೂ ಎರಡು ತಿಂಗಳಿದೆ.