ಮಂಗಳವಾರದ ಡಬ್ಬಿಗಳು

ಸೂರತ್, ವರಾಛಾ ರಸ್ತೆ. ಸಂಜೆ ಆರಕ್ಕೆ
ನಲವತ್ತೊಂದು ಡಬ್ಬಿ ವಾಪಸು ಬರುತ್ತವೆ.
ಓದು ಬಾರದ ನಾನು ಓದುವ ಕಾಗದ ಅವೇ.
ದಾಲ್ ಮುಗಿದಿದೆ. ರೊಟ್ಲಿ ಮುಗಿದಿದೆ.
ಸೋರೆಕಾಯಿ ಮಾತ್ರ ಹೋದ ಹಾಗೇ ಬಂದಿದೆ,
ತಣ್ಣಗೆ, ಎಣ್ಣೆಯ ಅಂಚು ಕಟ್ಟಿಕೊಂಡು.
ಬೀದಿಯ ಹಸುವಿಗೆ ಸುರಿದೆ. ಅದೂ ಮೂಸಿ,
ನನ್ನನ್ನೊಮ್ಮೆ ನೋಡಿ, ಮುಂದಿನ ಮನೆಗೆ ನಡೆಯಿತು.

ಬಿಡುವಂತಿಲ್ಲ. ಅವರು ಕೊಡುವ ದುಡ್ಡಿಗೆ
ಮಂಗಳವಾರ ಸೋರೆಯೇ.

ದಿನವಿಡೀ ಸಾಣೆಯ ಮುಂದೆ ಬಗ್ಗಿ
ಸಾಸಿವೆಗಿಂತ ಸಣ್ಣ ಕಲ್ಲಿಗೆ
ಐವತ್ತೇಳು ಮುಖ ಕೊಡುವವರು;
ನಾನು ಸೋರೆಗೆ ಕೊಟ್ಟಿದ್ದು ಒಂದೇ ಮುಖ,
ಅದೂ ಸಪ್ಪೆ ಮುಖ.

ಈ ಸಲ ತುರಿದೆ.
ಹಿಂಡಿದ ನೀರು ಚೆಲ್ಲದೆ ಹಿಟ್ಟಿಗೇ ಹಾಕಿದೆ.
ಮೆಂತ್ಯಸೊಪ್ಪು, ಶುಂಠಿ, ಚಿಟಿಕೆ ಬೆಲ್ಲ,
ನಿನ್ನೆ ಮಿಕ್ಕ ಅನ್ನವೂ ಒಳಗೆ ಸೇರಿತು, ಯಾರಿಗೂ ಹೇಳಬೇಡಿ.
ಮುಷ್ಟಿಯಲ್ಲಿ ಒತ್ತಿ ಹಬೆಗಿಟ್ಟೆ.
ಮುಠಿಯಾ. ಒಂದೊಂದರ ಮೇಲೂ ನನ್ನ ನಾಲ್ಕು ಬೆರಳು.
ಒಗ್ಗರಣೆಯಲ್ಲಿ ಎಳ್ಳು ಸಿಡಿಯಿತು.
ಪಕ್ಕದ ಮನೆಯ ಕಿಟಕಿ ತೆರೆಯಿತು.

ಸಂಜೆ ನಲವತ್ತು ಡಬ್ಬಿ ಖಾಲಿ.
ಒಂದು ಬರಲೇ ಇಲ್ಲ.
"ಘುಸಾಭಾಯಿ ಮನೆಗೊಯ್ದ," ಎಂದ ಹುಡುಗ,
"ಹೆಂಡತಿಗೆ ತೋರಿಸಬೇಕಂತೆ."

ಶುಕ್ರವಾರ ಬಂತು ಡಬ್ಬಿ.
ಬರಿದಾಗಿ ಕಳಿಸಬಾರದೆಂದು
ತಾನು ಮಾಡಿದ್ದರಲ್ಲಿ ಐದು ಇಟ್ಟಿದ್ದಳು,
ಚಿಕ್ಕ ಮುಷ್ಟಿ, ಸಣ್ಣ ಬೆರಳು.
ನಿಂತಲ್ಲೇ ಒಂದು ಕಡಿದೆ.
ಉಪ್ಪು ಮುಂದು.
ಆದರೆ ಓಮ ಹಾಕಿದ್ದಾಳೆ, ಕಳ್ಳಿ!
ಮೂವತ್ತು ವರ್ಷ ಒಲೆಯ ಮುಂದೆ ನಿಂತ ನನಗೆ
ಹೊಳೆದಿರಲಿಲ್ಲ.