ಶೇಷ

ಮೂವತ್ತೊಂದು ವರ್ಷ ಥೋರಾ ಲಿಂಡ್‌ಕ್ವಿಸ್ಟ್
ಕೊಲೆಗಳನ್ನು ಎಣಿಸಿದಳು.
ಡುಲೂತ್‌ನ ಕಾಲೇಜಿನಲ್ಲಿ, ಸರೋವರದ ಗಾಳಿ
ಕಿಟಕಿಸಂದಿಯಲ್ಲಿ ಸಿಳ್ಳೆ ಹಾಕುವ ಕೋಣೆಯಲ್ಲಿ,
ಎಡಕ್ಕೆ ಬಗೆಹರಿದವು, ಬಲಕ್ಕೆ ಬಗೆಹರಿಯದವು.
ಬಲಗಡೆಯ ಪಟ್ಟಿ ಉದ್ದ.
ಪ್ರಬಂಧಗಳಲ್ಲಿ ಅದಕ್ಕೆ ಶೇಷ ಎಂದು ಹೆಸರು.

ನಿವೃತ್ತಿಯ ಮಾರನೇ ದಿನವೇ ಕಾದಂಬರಿಗೆ ಕೂತಳು.
ಪತ್ತೇದಾರನೊಬ್ಬ ಬೇಕಲ್ಲ:
ಮಂಡಿನೋವಿನ ಮುದುಕ, ಹೊಗೆ ಹಾಕಿದ ಮೀನಿನ ಚಪಲ.
ಹೆಣಕ್ಕೇನು ಬರ!
ಸಾಲು ನಾಲ್ಕುನೂರ ಹದಿನೇಳು:
ಹೆಣ್ಣು, ಇಪ್ಪತ್ತಮೂರು, ಪೆಟ್ರೋಲ್ ಬಂಕಿನ ಗಲ್ಲಾ,
ರಾತ್ರಿಪಾಳಿ. ಅಷ್ಟೇ ಗೊತ್ತು.

ಕೊಲ್ಲುವ ಮುನ್ನ ಒಂದು ಹೆಸರಿರಲೆಂದು
ಮಾರಿಟ್ ಎಂದಳು. ಹೆಸರಿಟ್ಟದ್ದೇ ತಪ್ಪಾಯಿತು.
ಹುಡುಗಿ ಹಸಿವೆಂದಳು, ಆಮ್ಲೆಟ್ ಆಯಿತು.
ಹಳೇ ಕಾರು ಕೊಂಡಳು, ಕಂತು ಕಟ್ಟಲಿಲ್ಲ,
ತಮ್ಮನ ಜತೆ ಮಾತು ಬಿಟ್ಟಳು,
ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆದು
ಹೆದರಿ, ಅರ್ಧಕ್ಕೇ ವಾಪಸಾದಳು.

ಪತ್ತೇದಾರ ಮೂರನೇ ಅಧ್ಯಾಯದಿಂದ
ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದಾನೆ.

ಪ್ರಕಾಶಕನ ಫೋನು: ಹನ್ನೊಂದು ಅಧ್ಯಾಯ ಓದಿದೆ,
ಚೆನ್ನಾಗಿದೆ. ಹೆಣ ಎಲ್ಲಿ?
ಕೊಲೆಗಾರನ ಬಗ್ಗೆ ಥೋರಾಗೆ ತಿಳಿಯದ್ದೇನಿಲ್ಲ:
ವಯಸ್ಸು, ಆಯುಧ, ಶೇಕಡಾವಾರು,
ಎಷ್ಟು ಗಂಟೆಗೆ ಬಾಗಿಲು ತಳ್ಳುತ್ತಾನೆಂಬ ಸರಾಸರಿ.
ಇವತ್ತು ರಾತ್ರಿ, ಎಂದಳು.

ರಾತ್ರಿ ಬರೆದದ್ದು ಇಷ್ಟು:
ಗಂಟೆ ಎರಡೂ ಹತ್ತು. ಬಾಗಿಲ ಕಿರುಗಂಟೆ ಅಲುಗಿತು.
ಮಾರಿಟ್ ತಲೆಯೆತ್ತಿದಳು.
ಮಂಡಿನೋವಿನ ಮುದುಕ. ಒಂದು ಕಾಫಿ ಕೇಳಿದ,
ದೊಡ್ಡ ನೋಟು ಚಾಚಿದ.
ಚಿಲ್ಲರೆ ಇಲ್ಲ, ಎಂದಳು ಅವಳು.